ಕನ್ನಡಕ ತೆಗೆಸುವ ಮಾತು

ಮದುವೆಯಾಗಿ ಹಡಗಲಿಗೆ ಬಂದಾಗ ನನ್ನ ಕನ್ನಡಕದ ನಂಬರು ಮೈನಸ್ ಆರು ಇತ್ತು. ಮಗಳಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಒಂಬತ್ತು ದಾಟಿತ್ತು. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕೊನೆಯ ಬೆಂಚಿನ ಹುಡುಗಿಯರ ಮುಖ ಕನ್ನಡಕ ಹಾಕಿಕೊಂಡರೂ ಮಸುಕಾಗತೊಡಗಿತೆಂದರೆ ನಂಬರು ಮತ್ತೆ ಏರಿದೆ ಎಂದು ತಿಳಿಯುತ್ತಿತ್ತು. ಯಾರಿಗೂ ಹೇಳದೆ ಹಾಗೇ ಒಂದೆರಡು ತಿಂಗಳು ತಳ್ಳುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಅತ್ತೆಯದೊಂದು ಹರಕೆ ಇತ್ತೆಂದು ಒಂದು ಭಾನುವಾರ ಮೈಲಾರಕ್ಕೆ ಹೋದೆವು. ಗುಡಿಗೆ ಹೋಗುವ ಮೊದಲು ಹೊಳೆಯಲ್ಲಿ ಸ್ನಾನ ಮಾಡಬೇಕು. ಕನ್ನಡಕ ತೆಗೆದು ಒಣ ಸೀರೆಯ ಗಂಟಿನಲ್ಲಿಟ್ಟು ನೀರಿಗಿಳಿದೆ. ಮಗಳು ದಂಡೆಯ ಮರಳಿನಲ್ಲಿ ಆಡುತ್ತಿದ್ದಳು. ಅವಳ ಕೆಂಪು ಫ್ರಾಕು ನನಗೆ ಬರೀ ಒಂದು ಕೆಂಪು ಬಣ್ಣವಾಗಿ ಕಾಣುತ್ತಿತ್ತು. ಅದರ ಮೇಲೇ ಕಣ್ಣಿಟ್ಟು ಮುಳುಗು ಹಾಕಿದೆ. "ನೀರಾಗ ಇಳೀಬ್ಯಾಡ, ಅಲ್ಲೇ ಇರು" ಎಂದು ಕೂಗಿದೆ. ಅದು ಅಲ್ಲೇ ಇತ್ತು. ಸಮಾಧಾನದಿಂದ ತಲೆ ತೊಳೆದುಕೊಂಡೆ.

ಮೇಲೆ ಬಂದು ಕೈ ಹಿಡಿದರೆ ಆ ಮಗು ಕಿಟಾರನೆ ಕಿರುಚಿತು. ನನ್ನ ಮಗಳಲ್ಲ. ಅದರ ತಾಯಿ ಓಡಿ ಬಂದು, "ಯಾಕ್ರೀ, ನಮ್ಮ ಹುಡಿಗಿ ಕೈ ಯಾಕ ಹಿಡಿದೀರಿ?" ಎಂದು ಗದರಿದಳು. ಕನ್ನಡಕ ಇಟ್ಟ ಗಂಟು ಎಲ್ಲಿದೆ ಎಂದು ಕಾಣಲಿಲ್ಲ. ತಿರುಗಿ ನೀರಿಗೇ ಓಡಿದೆ. ತೇಲುತ್ತಿದ್ದ ಹೂವಿನ ಹಾರವನ್ನು ಮಗಳ ಬಟ್ಟೆಯೆಂದುಕೊಂಡು ಬಾಚಿದೆ. ಮಗಳ ಹೆಸರು ಹಿಡಿದು ಚೀರುತ್ತಿದ್ದೆನಂತೆ. ಅದು ನನಗೆ ನೆನಪಿಲ್ಲ.

ನನ್ನ ಗಂಡ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡಿಯ ಕಡೆಯಿಂದ ಬಂದರು. ಮಂಡಕ್ಕಿ ಕೊಡಿಸಲು ಕರೆದೊಯ್ದಿದ್ದರು. "ಇಲ್ಲೇ ಅದಾಳಲ್ಲ, ಯಾಕ ಹಂಗ ಮಾಡ್ತಿ?" ಎಂದರು. ಮಗಳು ನನ್ನ ಹತ್ತಿರ ಬರಲಿಲ್ಲ. ನನ್ನನ್ನು ನೋಡಿ ಹೆದರಿ ಅಪ್ಪನ ಕುತ್ತಿಗೆ ತಬ್ಬಿಕೊಂಡಳು.

ನನ್ನ ಗಂಡನದು ಔಷಧಿ ಅಂಗಡಿ. ಕನ್ನಡಕ ತೆಗೆಸುವ ಲೇಸರ್ ಬಂದಿರುವುದು ಅವರಿಗೆ ಕಂಪನಿಯವರಿಂದ ಗೊತ್ತಿತ್ತು. ಮರುದಿನ ಊಟಕ್ಕೆ ಕೂತಾಗ ಮಾತು ತೆಗೆದರು. "ಕತ್ತರಿ ಇಲ್ಲ, ಹೊಲಿಗಿ ಇಲ್ಲ. ಹೋದ ದಿನಾನ ಮಾಡಿ ಕಳಸ್ತಾರಂತ. ಮಾಡಿಸಿಬಿಡೋಣು."

ಅತ್ತೆ ತಟ್ಟೆಗೆ ರೊಟ್ಟಿ ಹಾಕುತ್ತಿದ್ದವರು ಕೈ ತಡೆದರು. "ನಂಬರು ಇದ್ರ ಇರಲಿ. ಹೆಚ್ಚುಕಮ್ಮಿ ಆದ್ರ ಕಣ್ಣು ತಂದು ಕೊಡ್ತಾರೇನು ಅವರು?"

ನನಗೆ ಆಸೆಯಾಯಿತು. ಬೆಳಿಗ್ಗೆ ಎದ್ದ ತಕ್ಷಣ ತಲೆದಿಂಬಿನ ಕೆಳಗೆ ತಡಕಾಡದೆ ಮೇಲಿನ ಫ್ಯಾನು ಕಾಣುವುದು ಹೇಗಿರಬಹುದು? ಎಂಟನೇ ತರಗತಿಯಿಂದ ಈಚೆಗೆ ನಾನು ಅದನ್ನು ಕಂಡಿರಲಿಲ್ಲ. ಆಸೆ ಹುಟ್ಟಿದ ಗಳಿಗೆಯಲ್ಲೇ ಅಪ್ಪನ ನೆನಪೂ ಬಂತು.

ಅಪ್ಪ ಕೂಡ್ಲಿಗಿಯಲ್ಲಿ ಟೈಲರ್. ನನ್ನ ಮಂದ ದೃಷ್ಟಿ ಅವನಿಂದಲೇ ಬಂದದ್ದು. ನಾನು ಕೊಟ್ಟೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ಅವನ ಎಡಗಣ್ಣು ಹೋಯಿತು. ಪೆಟ್ಟಿಲ್ಲ, ನೋವಿಲ್ಲ. ಒಂದು ದಿನ ಕಣ್ಣಿನ ಮೂಲೆಯಲ್ಲಿ ಕರಿ ಪರದೆ ಇಳಿಬಿಟ್ಟ ಹಾಗಾಯಿತಂತೆ. ಉಷ್ಣ ಎಂದುಕೊಂಡು ಕಣ್ಣಿಗೆ ಹಾಲು ಬಿಡಿಸಿಕೊಂಡ, ಹರಳೆಣ್ಣೆ ಹಚ್ಚಿಕೊಂಡ. ಪರದೆ ಪೂರ್ತಿ ಮುಚ್ಚಿದ ಮೇಲೆ ಆಸ್ಪತ್ರೆಗೆ ಹೋದ. ತಡವಾಗಿತ್ತು. ಅಲ್ಲಿಂದಾಚೆ ಒಂದೇ ಕಣ್ಣಿನಲ್ಲಿ ಸೂಜಿ ಪೋಣಿಸುತ್ತಿದ್ದ.

ಅವನನ್ನು ಕೇಳಲೆಂದೇ ಕೂಡ್ಲಿಗಿಗೆ ಹೋದೆ. ಮಷಿನ್ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

"ಮಾಡಿಸಿಕೊಳ್ಳಲೇನಪ್ಪಾ?"

"ನಾ ಹ್ಯಾಂಗ ಹೇಳಲಿ ಯವ್ವಾ? ನನಗ ಗೊತ್ತಿದ್ರ ನನ್ನ ಕಣ್ಣು ಉಳಿಸಿಕೊಂತಿದ್ದೆ." ಮಷಿನ್ನಿನ ಮೇಲಿದ್ದ ಬಟ್ಟೆ ಪಕ್ಕಕ್ಕೆ ಸರಿಸಿ, "ಮೊದ್ಲು ಚೊಲೋತ್ನಾಗ ತೋರಿಸು. ನನ್ನಂಗ ತಡಾ ಮಾಡಬ್ಯಾಡ" ಎಂದ.

ಹರಪನಹಳ್ಳಿ ಮೇಲಿಂದ ದಾವಣಗೆರೆಗೆ ಹೋದೆವು. ಅಲ್ಲಿನ ಕಣ್ಣಾಸ್ಪತ್ರೆಯಲ್ಲಿದ್ದ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಒಂದಾದ ಮೇಲೊಂದು ಯಂತ್ರದ ಮುಂದೆ ಗದ್ದ ಇಟ್ಟು ಕೂರಿಸಿದರು. ಪಾಪೆ ಹಿಗ್ಗಲು ಹನಿ ಹಾಕಿದರು. ಬಾಗಿಲಿನಿಂದ ಬರುವ ಬೆಳಕೂ ಚುಚ್ಚತೊಡಗಿತು. ನನ್ನ ಗಂಡ ಪಕ್ಕದಲ್ಲಿ ಕೂತು, ಇನ್ನು ಮೇಲೆ ಎಂಥೆಂಥ ಬಣ್ಣದ ತಂಪು ಕನ್ನಡಕ ಹಾಕಬಹುದು ಎಂದು ತಮಾಷೆ ಮಾಡುತ್ತಿದ್ದರು.

ಡಾಕ್ಟರು ಬಲಗಣ್ಣನ್ನು ಬಹಳ ಹೊತ್ತು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ಕಿವಿ ಕಡೆ ನೋಡಿ ಎನ್ನುತ್ತ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದರು. ಆಮೇಲೆ ಕೇಳಿದರು: "ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದ ಹಾಗೆ ಕಣ್ಣು ಹೋಗಿದೆಯಾ?"

ಅಪ್ಪನ ವಿಷಯ ಹೇಳಿದೆ.

"ನಿಮ್ಮ ಬಲಗಣ್ಣಿನ ಹಿಂದಿನ ಪರದೆಯ ಅಂಚಿನಲ್ಲಿ ತೂತು ಬಿದ್ದಿದೆ. ಚಿಕ್ಕದು. ಹಾಗೇ ಬಿಟ್ಟರೆ ಪರದೆ ಬಿಚ್ಚಿಕೊಳ್ಳಬಹುದು. ಅದಕ್ಕೂ ಲೇಸರೇ. ಆದರೆ ಕನ್ನಡಕ ತೆಗೆಯುವ ಲೇಸರ್ ಅಲ್ಲ, ತೂತಿನ ಸುತ್ತ ಬೆಸುಗೆ ಹಾಕುವುದು. ಅದನ್ನು ಇವತ್ತೇ ಮಾಡೋಣ."

"ಕನ್ನಡಕದ್ದು?" ಎಂದರು ನನ್ನ ಗಂಡ.

"ಕಣ್ಣಿನ ಮುಂಭಾಗದ ಪದರವೂ ಇವರಿಗೆ ತೆಳು. ನಂಬರು ಇನ್ನೂ ಏರುತ್ತಾ ಇದೆ. ನಾನಾದರೆ ಮಾಡೋಲ್ಲ. ಮಾಡಿದರೂ ಕನ್ನಡಕ ಪೂರ್ತಿ ಹೋಗೋದಿಲ್ಲ. ಹೋದರೂ ಹಿಂದಿನ ಪರದೆ ಈಗ ಹೇಗಿದೆಯೋ ಹಾಗೇ ಇರುತ್ತೆ."

ಮಧ್ಯಾಹ್ನವೇ ಕೂರಿಸಿದರು. ಕಣ್ಣು ಮರಗಟ್ಟುವ ಹನಿ ಹಾಕಿ, ಕಣ್ಣಿಗೊಂದು ಗಾಜು ಒತ್ತಿ ಹಿಡಿದರು. ಹಸಿರು ಬೆಳಕು ಪಟಪಟನೆ ಬಡಿಯಿತು. ಕೆಲವು ಸಲ ತಲೆಯ ಒಳಗೆಲ್ಲೋ ಸೂಜಿ ತಾಗಿದಂತಾಗುತ್ತಿತ್ತು. ಅಲುಗಾಡಬೇಡಿ ಎಂದಿದ್ದರು. ಮೇಜಿನ ಅಂಚು ಹಿಡಿದು ಕೂತೆ. ಮುಗಿದ ಮೇಲೆ ಆ ಕಣ್ಣಿಗೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಬರಿಯ ಕತ್ತಲೆ. ಅಪ್ಪನಿಗೆ ಹೀಗೇ ಕಾಣುತ್ತಿರಬೇಕು ಎಂದು ಅನ್ನಿಸಿ ಅಳು ಬಂತು. ಡಾಕ್ಟರು, ಕಾಣುತ್ತೆ, ಗಾಬರಿ ಬೇಡ ಎಂದರು. ನಿಧಾನಕ್ಕೆ ಬೆಳಕು ಬಂತು.

ಕನ್ನಡಕದ ಮಾತು ಅಲ್ಲಿಗೆ ಮುಗಿಯಲಿಲ್ಲ. ನನ್ನ ಗಂಡ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಫೋನ್ ಮಾಡಿದರು, ಆಮೇಲೆ ನನ್ನನ್ನು ಕರೆದುಕೊಂಡೂ ಹೋದರು. ಅಲ್ಲಿಯವರು ಅಳತೆ ತೆಗೆದು, ಬೆಸುಗೆ ಗಟ್ಟಿಯಾಗಲು ಕೆಲವು ವಾರ ಬಿಡಿ, ಆಮೇಲೆ ಮಾಡಬಹುದು, ಸ್ವಲ್ಪ ನಂಬರು ಉಳಿಯುತ್ತದೆ ಅಷ್ಟೇ ಎಂದರು. ಒಬ್ಬರು ಬೇಡ ಎಂದಿದ್ದರು, ಇನ್ನೊಬ್ಬರು ಆಗುತ್ತದೆ ಎನ್ನುತ್ತಿದ್ದರು. ಇಬ್ಬರೂ ಓದಿದವರೇ. ಯಾರ ಮಾತು ಹಿಡಿಯಲಿ? ಆ ವಾರಗಳಲ್ಲಿ ನನಗೆ ಪಾಠದ ಮೇಲೆ ಗಮನ ನಿಲ್ಲಲಿಲ್ಲ. ಬಸ್ಸಿನಲ್ಲಿ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಹೊರಗಿನ ಹೊಲ ನೋಡುವುದು, ಆಮೇಲೆ ಅದನ್ನು ಮುಚ್ಚಿ ಇದರಿಂದ ನೋಡುವುದು. ಪರದೆ ಇಳಿಯುತ್ತಿದೆಯೇ ಎಂದು ಹುಡುಕುತ್ತಲೇ ಇರುತ್ತಿದ್ದೆ.

ಹುಬ್ಬಳ್ಳಿಗೆ ದಿನ ಗೊತ್ತುಮಾಡುವ ಹೊತ್ತು ಬಂದಾಗ ನಾನು ಬೇಡ ಎಂದೆ.

ನನ್ನ ಗಂಡ ಸಿಟ್ಟಾದರು. "ಡಾಕ್ಟರೇ ಆಕ್ಕತಿ ಅಂದಾರ. ನಿಂದೇನು ಹಠ?"

"ಹಠ ಅಲ್ಲರೀ. ಹೆದರಿಕಿ."

"ಹೆದರಿಕಿ ನನಗಿಲ್ಲೇನು?" ಎಂದರು. "ಅವತ್ತು ಹೊಳಿದಂಡ್ಯಾಗ ನಿನ್ನ ಮುಖ ನೋಡೀನಿ. ಮತ್ತ ಅದನ್ನ ನೋಡಾಕ ನನ್ನಿಂದ ಆಗಂಗಿಲ್ಲ."

ಇಷ್ಟು ದಿನ ಅವರಿಗೆ ದಪ್ಪ ಗಾಜಿನ ಹೆಂಡತಿ ಎಂದರೆ ನಾಚಿಕೆಯೇನೋ ಎಂಬ ಒಂದು ಅನುಮಾನ ನನ್ನ ಮನಸ್ಸಿನ ಮೂಲೆಯಲ್ಲಿತ್ತು. ಅದು ಹೋಯಿತು. ಆದರೂ ನನ್ನ ಮಾತು ಬದಲಾಗಲಿಲ್ಲ. "ಕನ್ನಡಕ ಹೋದ್ರ ನಾನು ಕಣ್ಣು ಚೊಲೋ ಅದಾವು ಅಂತ ತೋರಿಸೋದು ಮರತು ಕುಂತುಬಿಡ್ತೀನಿ. ಅಪ್ಪ ಉಷ್ಣ ಅಂತ ಕುಂತಂಗ" ಎಂದೆ. ಅವರು ಎದ್ದು ಅಂಗಡಿಗೆ ಹೋದರು. ಕೆಲವು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು.

ಅಪ್ಪನ ಉಳಿದ ಕಣ್ಣನ್ನೂ ತೋರಿಸಬೇಕೆಂದು ಡಾಕ್ಟರು ಹೇಳಿದ್ದರು. ಬಹಳ ಸಲ ಕರೆದೆ. "ಇರೋದೊಂದ ಕಣ್ಣು. ಅದರ ಮ್ಯಾಲ ಬೆಳಕು ಬಿಡಿಸಿಕೊಳ್ಳಾಕ ನಾ ಬರಂಗಿಲ್ಲ" ಎಂದು ಕೂತುಬಿಟ್ಟ. ನನಗೆ ತಡ ಮಾಡಬೇಡ ಎಂದವನು ಅವನೇ. ಬೈದೆ, ಕಣ್ಣೀರು ಹಾಕಿದೆ, ಗಾಡಿ ಮಾಡಿಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿದೆ. ಬರಲಿಲ್ಲ.

ನಾನು ಮಾತ್ರ ಪ್ರತಿ ವರ್ಷ ದಾವಣಗೆರೆಗೆ ಹೋಗಿ ಹನಿ ಹಾಕಿಸಿಕೊಂಡು ತೋರಿಸುತ್ತ ಬಂದೆ. ಕೆಲವು ವರ್ಷಗಳ ಮೇಲೆ ಎಡಗಣ್ಣಿನಲ್ಲೂ ಒಂದು ತೂತು ಸಿಕ್ಕಿತು. ಅದಕ್ಕೂ ಬೆಸುಗೆ ಹಾಕಿಸಿದೆ. ನಂಬರು ಹನ್ನೊಂದಕ್ಕೆ ಬಂದು ನಿಂತಿತು. ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬರು ಅದೇ ಹುಬ್ಬಳ್ಳಿಯಲ್ಲಿ ಲೇಸರ್ ಮಾಡಿಸಿಕೊಂಡು ಬರಿಗಣ್ಣಿನಲ್ಲಿ ಆರಾಮಾಗಿ ಓದುವುದನ್ನು ಸ್ಟಾಫ್ ರೂಮಿನಲ್ಲಿ ದಿನಾ ನೋಡುತ್ತಿದ್ದೆ. ಆಗೆಲ್ಲ ನನ್ನ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದೆ. ಒಂದು ದಿನ ಅವರು, "ನೀವೂ ಮಾಡಿಸ್ಕೋಬಾರದೇನ್ರೀ ಅಕ್ಕಾ? ಏನೂ ನೋವಾಗಲ್ಲ" ಎಂದು ಪ್ರೀತಿಯಿಂದ ಕೇಳಿದರು.

"ಕೇಳಿದ್ದೆ. ನನ್ನ ಕಣ್ಣಿಗೆ ಆಗಂಗಿಲ್ಲ ಅಂದ್ರು" ಎಂದೆ. ಒಬ್ಬರು ಆಗುತ್ತದೆ ಎಂದಿದ್ದರು ಎಂಬುದನ್ನು ಹೇಳಲಿಲ್ಲ. ಗಂಟೆ ಹೊಡೆಯಿತು, ಪುಸ್ತಕ ತೆಗೆದುಕೊಂಡು ತರಗತಿಗೆ ಹೋದೆ.