ಗಾಳಿ ಬಂದ ದಿನಾ ಬರ್ರಿ

ಅಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸುತ್ತಿರಲಿಲ್ಲ. ಅದು ಯಾವಾಗಲೂ ಬೆನ್ನ ಹಿಂದೆ ಹಾರುತ್ತಿರಬೇಕು. ಅಂಗಳದಲ್ಲಿ ಬಟ್ಟೆ ಒಗೆಯುವಾಗ ಸೆರಗು ಪಟಪಟ ಬಡಿದರೆ ಸಾಕು, ಸೋಪಿನ ಕೈಯಲ್ಲೇ ಮಾಳಿಗೆ ಹತ್ತಿಬಿಡುತ್ತಿದ್ದಳು. ಅವಳ ಗಾಳಿಯಂತ್ರ ಇದ್ದದ್ದು ಅಲ್ಲಿ.

ನಮ್ಮ ಮನೆ ಬಸವನ ಬಾಗೇವಾಡಿಯ ಹೊರಗೆ, ದಿನ್ನೆಯ ಮೇಲೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಮೊಬೈಲಿನದೇ ಹುಚ್ಚು. ಇಂಡಿ ಊರಿನ ಗೆಳೆಯನಿಂದ ಹಳೆಯದೊಂದು ಮೈನಿಂಗ್ ಮಷೀನು ತಂದಿದ್ದೆ. ಹಗಲು ರಾತ್ರಿ ಏನೋ ಲೆಕ್ಕ ಬಿಡಿಸುತ್ತ ಬಿಟ್‌ಕಾಯಿನ್ನಿನ ಚೂರುಪಾರು ಗಳಿಸುವ ಸಣ್ಣ ಡಬ್ಬಿ ಅದು. ಗಳಿಸಿದ್ದಕ್ಕಿಂತ ಕರೆಂಟ್ ಬಿಲ್ಲೇ ಹೆಚ್ಚು ಬಂತು. ಅವ್ವ ಅದನ್ನು ಬೀದಿಗೆ ಎಸೆಯಲು ಹೊರಟಾಗ ಅಕ್ಕ ತಡೆದಳು.

"ತಡಿ ಯವ್ವಾ. ದಿನ್ನಿ ಮ್ಯಾಲ ಗಾಳಿ ಪುಕ್ಕಟ ಬೀಸಾಕತ್ತೈತಿ. ಅದಕ್ಕ ಏನರ ಕೆಲಸ ಹಚ್ಚೂಣು."

ಪ್ಲಾಸ್ಟಿಕ್ ಪೈಪು ಸೀಳಿ ರೆಕ್ಕೆ ಮಾಡಿದಳು. ಕೆಟ್ಟ ಎಲೆಕ್ಟ್ರಿಕ್ ಸ್ಕೂಟರಿನ ಗಾಲಿಯ ಮೋಟರಿಗೆ ಅವನ್ನು ಬಿಗಿದು ಕಂಬಕ್ಕೇರಿಸಿದಳು. ಕೆಳಗೆ ಬ್ಯಾಟರಿ ಜೋಡಿಸಿದಳು. ಮೊದಲ ಸಲ ಗಾಳಿಯಿಂದಲೇ ಮಷೀನು ಗುಂಯ್ ಎಂದಾಗ ನಾವಿಬ್ಬರೂ ಮಾಳಿಗೆಯ ಮೇಲೆ ಕುಣಿದೆವು. ಅಕ್ಕನಿಗೆ ಕಾಯಿನ್ನಿನ ಗೊಡವೆ ಇರಲಿಲ್ಲ. ಮಷೀನಿನ ಹಿಂದಿನಿಂದ ಬರುವ ಬಿಸಿ ಗಾಳಿಗೆ ಕೈಯೊಡ್ಡಿ ನಿಂತವಳು, ಓಡಿಹೋಗಿ ಹಸಿ ಶಾವಿಗೆ ತಂದು ಅದರ ಮುಂದೆ ಹರವಿದಳು. ಮೋಡದ ದಿನವೂ ಶಾವಿಗೆ ಒಣಗಿತು!

ಸುದ್ದಿ ಸಿಂದಗಿಯ ಶಾವಿಗೆ ಮಾಡುವ ಹೆಂಗಸರಿಗೆ ಮುಟ್ಟಿತು. ನೋಡಿ ಒಪ್ಪಿದರೆ ತಮಗೂ ಇಂಥದೊಂದು ಮಾಡಿಸಿಕೊಳ್ಳುವುದಾಗಿ ಹೇಳಿ ಕಳಿಸಿದರು. ಅಕ್ಕನಿಗೆ ಅವರೇ ಮೊದಲ ಗಿರಾಕಿಗಳು.

ಆದರೆ ಆ ವಾರ ಎಲೆಯೂ ಅಲುಗಲಿಲ್ಲ. ಬ್ಯಾಟರಿ ನೋಡಿಕೊಳ್ಳುವ ಕೆಲಸ ನನ್ನದು. ಅವು ಇಳಿದವೆಂದು ಅಕ್ಕನಿಗೆ ಹೇಳಲು ಮನಸ್ಸಾಗಲಿಲ್ಲ. ಕಾಯಿನ್ನಿನ ದರ ಏರಿದ್ದೂ ಹೌದು. ಮನೆಯ ಕರೆಂಟಿನಿಂದ ಮಷೀನಿಗೊಂದು ವಾಯರ್ ಎಳೆದು, ಜೋಳದ ಚೀಲದ ಹಿಂದೆ ಮುಚ್ಚಿಟ್ಟೆ. ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇದೆ ಎಂದೆ. ಅವಳು ಹಿಗ್ಗಿ ಓಣಿಗೆಲ್ಲ ಸಾರಿಬಂದಳು.

ಹೆಂಗಸರು ಬಂದು ತಲೆದೂಗುತ್ತಿದ್ದಾಗಲೇ ಕರೆಂಟು ಹೋಯಿತು. ಟ್ಯೂಬ್‌ಲೈಟಿನ ಜೊತೆಗೇ ಮಷೀನೂ ಸುಮ್ಮನಾಯಿತು.

"ಏನವಾ, ನಿಮ್ಮ ಗಾಳಿಗೂ ಲೋಡ್ ಶೆಡ್ಡಿಂಗ್ ಐತೇನು?" ಎಂದಳು ಅವರಲ್ಲಿ ಹಿರಿಯಳು. ಎಲ್ಲರೂ ನಕ್ಕರು.

ಅಕ್ಕ ಚೀಲ ಸರಿಸಿ ವಾಯರ್ ಕಂಡಳು. ಒಮ್ಮೆ ನನ್ನನ್ನು ನೋಡಿದಳು. ನನ್ನ ಹೆಸರು ಹೇಳುತ್ತಾಳೆಂದು ತಲೆ ತಗ್ಗಿಸಿ ನಿಂತೆ.

"ತಪ್ಪಾತ್ರಿ ಅಕ್ಕಾರ. ಇದು ಕರೆಂಟಿನ ಮ್ಯಾಲ ನಡದಿತ್ತು. ಗಾಳಿ ಬಂದ ದಿನಾ ಬರ್ರಿ" ಎಂದಷ್ಟೇ ಹೇಳಿದಳು. ಅವರು ಚಹಾ ಕುಡಿಯದೆ ಹೋದರು.

ಗಾಳಿ ಎದ್ದ ಮುಂಜಾನೆ ಅವಳ ಸೆರಗು ತಲೆಯ ಮೇಲಕ್ಕೇ ಹಾರುತ್ತಿತ್ತು. "ಸಿಂದಗಿ ಬಸ್ ಹತ್ತು. ವಾಯರ್ ಹಾಕಿದಾಂವ ನಾನ ಅಂತ ಹೇಳಿ ಅವರನ್ನ ಕರಕೊಂಡ ಬಾ" ಎಂದಳು. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲೇ ಹೊರಳಿಸಿದೆ. ಅಲ್ಲಿ ಹೇಳಿದ್ದು ಮಾತ್ರ ಗಾಳಿ ಬಂದಿದೆ ಎಂದಷ್ಟೇ.

ಹಿರಿಯಳೊಬ್ಬಳೇ ನನ್ನ ಜೊತೆ ಬಂದಳು. ಅಕ್ಕ ಮಾತಿಗೆ ನಿಲ್ಲಲಿಲ್ಲ. ಮನೆಯ ಫ್ಯೂಸ್ ಕಿತ್ತು ಆಕೆಯ ಅಂಗೈಯಲ್ಲಿಟ್ಟಳು. ಮೇಲೆ ರೆಕ್ಕೆಗಳು ಕಣ್ಣಿಗೆ ನಿಲ್ಲದಷ್ಟು ಜೋರಾಗಿ ತಿರುಗುತ್ತಿದ್ದವು, ಕಂಬ ನಡುಗುತ್ತಿತ್ತು, ಮಷೀನು ಒಂದೇ ಸಮ ಕೂಗುತ್ತಿತ್ತು. ಆಕೆ ಒಣಗಿದ ಶಾವಿಗೆಯ ಎಳೆಯೊಂದನ್ನು ಲಟಕ್ಕನೆ ಮುರಿದು ನೋಡಿ, ತಮಗೊಂದು ಮಾಡಿಕೊಡಲು ನಿಂತಲ್ಲೇ ಹೇಳಿದಳು. ಹೊರಡುವಾಗ ಅಕ್ಕನ ಬೆನ್ನಿಗೊಂದು ಗುದ್ದಿ ನಕ್ಕಳು:

"ಅವತ್ತಿನಂಗ ಮೋಸ ಮಾಡಬ್ಯಾಡ ಮತ್ತ."

ನಾನು ಹೇಳಿಲ್ಲವೆಂದು ಅಕ್ಕನಿಗೆ ಗೊತ್ತಾದದ್ದು ಆಗ. "ಇಲ್ರಿ, ಮಾಡೂದಿಲ್ಲ" ಎಂದಳು. ನನ್ನ ಕಡೆ ತಿರುಗಲಿಲ್ಲ.

ಅಕ್ಕ ಈಗ ಮುದ್ದೇಬಿಹಾಳದಲ್ಲಿ ಮಾಳಿಗೆ ಮಾಳಿಗೆಗೂ ಕಂಬ ಏರಿಸುತ್ತಿದ್ದಾಳೆ. ಗಿರಾಕಿ ಬಂದರೆ ಮೊದಲು ಫ್ಯೂಸ್ ಕಿತ್ತು ಕೈಗೆ ಕೊಡುತ್ತಾಳಂತೆ. ನಾನು ಉಣ್ಣುತ್ತಿರುವುದೂ ಅವಳು ಕಲಿಸಿದ ಇದೇ ಕೆಲಸದಿಂದ. ಸಿಂದಗಿಯ ಆ ತಾಯಿ ಇದನ್ನು ಓದಿದರೆ ತಿಳಿಯಲಿ: ವಾಯರ್ ಹಾಕಿದವನು ನಾನು.