ಕೆಂಕೆರೆ ಗುಡ್ಡದ ಟವರಿಗೆ ಹೊತ್ತ ಬ್ಯಾಟರಿ

ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಾರೆ ಎಂಬ ಹೆಸರು ನೂರ್ ಅಹಮದ್ ಅವರಿಗೆ ಚಿಕ್ಕನಾಯಕನಹಳ್ಳಿ ಸುತ್ತಮುತ್ತ ಮೂವತ್ತು ವರ್ಷದಿಂದ ಇದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಡೀಸೆಲ್ ಗ್ಯಾರೇಜಿತ್ತು. ತೆಂಗಿನ ತೋಟಗಳಿಗೆಲ್ಲ ಕರೆಂಟ್ ಮೋಟಾರು ಬಂದು ಡೀಸೆಲ್ ಪಂಪುಗಳು ಕೊಟ್ಟಿಗೆಯ ಮೂಲೆ ಸೇರಿದ ಮೇಲೆ ಅಲ್ಲಿಗೆ ಬರುವವರು ಕಡಿಮೆಯಾದರು. ಬಾಗಿಲು ಹಾಕಿದ ವರ್ಷವೇ ಮೊಬೈಲ್ ಟವರುಗಳ ಜನರೇಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹುಳಿಯಾರು, ಕೆಂಕೆರೆ ಕಡೆಯ ಹನ್ನೊಂದು ಟವರುಗಳು ಅವರ ಪಾಲಿಗೆ ಬಂದವು. ಹಳೆಯ ಓಮ್ನಿ ವ್ಯಾನಿನಲ್ಲಿ ಡೀಸೆಲ್ ಕ್ಯಾನು, ಸ್ಪ್ಯಾನರ್ ಚೀಲ ಇಟ್ಟುಕೊಂಡು ದಿನಾ ಒಂದು ಸುತ್ತು ಹಾಕುತ್ತಿದ್ದರು.

ಮೂರು ವರ್ಷದ ಹಿಂದೆ ಕಂಪನಿಯವರು ಪ್ರತಿ ಟವರಿಗೂ ಒಂದೊಂದು ಸಣ್ಣ ಪೆಟ್ಟಿಗೆ ಕೂರಿಸಿದರು. ಕರೆಂಟ್ ಇದೆಯೋ ಇಲ್ಲವೋ, ಬ್ಯಾಟರಿ ಎಷ್ಟು ಉಳಿದಿದೆ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂಬುದನ್ನೆಲ್ಲ ಆ ಪೆಟ್ಟಿಗೆ ತಾನೇ ತಿಳಿದು ಬೆಂಗಳೂರಿಗೆ ತಿಳಿಸುತ್ತಿತ್ತು. ಅಲ್ಲಿನ ಕಂಟ್ರೋಲ್ ರೂಮಿನಲ್ಲಿ ಜೀವಿತಾ ಎಂಬ ಹುಡುಗಿ ಕೂತು ನೋಡುತ್ತಿದ್ದಳು. ದಿನಕ್ಕೆ ನಾಲ್ಕು ಸಲವಾದರೂ ಅವಳ ಫೋನು. ಮುಖ ನೋಡಿದವರಲ್ಲ, ಆದರೆ ದನಿ ಮಾತ್ರ ಮನೆಯವರ ದನಿಯಷ್ಟೇ ಪರಿಚಯ.

"ಕ್ಲೌಡು ಕ್ಲೌಡು ಅಂತೀಯಲ್ಲಮ್ಮ, ಇದನ್ನೆಲ್ಲ ಎಲ್ಲಿಡ್ತೀರಾ?" ಎಂದು ಒಮ್ಮೆ ಕೇಳಿದ್ದರು.

"ಮೋಡದಲ್ಲಂತೂ ಅಲ್ಲ ಸಾರ್," ಅಂದಿದ್ದಳು ಅವಳು. "ದೂರದೂರಿನಲ್ಲಿ ಸಾವಿರಾರು ಕಂಪ್ಯೂಟರ್ ಇಟ್ಟಿರೋ ಕಟ್ಟಡಗಳಿರ್ತವೆ. ಅದರಲ್ಲಿಟ್ರೆ ಯಾವ ಊರಲ್ಲಿ ಕೂತಾದ್ರೂ ನೋಡಬೌದು. ಒಂದು ಕಟ್ಟಡ ಕೆಟ್ರೆ ಇನ್ನೊಂದರಲ್ಲಿ ಅದೇ ಇರ್ತದೆ."

ನೂರ್ ಅಹಮದ್ ಅವರಿಗೆ ಇದು ಅರ್ಥವಾಯಿತು, ಹಿಡಿಸಲಿಲ್ಲ. ಸದ್ದು ಕೇಳಿ ಹೇಳುವ ಕೆಲಸವನ್ನು ಪೆಟ್ಟಿಗೆಯೇ ಮಾಡಿದರೆ ತನಗೇನು ಉಳಿಯಿತು? ಐವತ್ತೇಳರ ವಯಸ್ಸು, ಬಲಮಂಡಿಯಲ್ಲಿ ನೋವು. "ಇನ್ನೆಷ್ಟು ದಿನವೋ ನೋಡೋಣ" ಎಂದು ಹೆಂಡತಿ ತಾಜುನ್ನೀಸಾಳ ಹತ್ತಿರ ಆಗಾಗ ಹೇಳುತ್ತಿದ್ದರು. ಅವಳು ಬಟ್ಟೆ ಹೊಲಿಯುವ ಮಿಷನ್ ತುಳಿಯುತ್ತಲೇ, "ಕರೆಯೋವರೆಗೆ ಹೋಗಿ" ಅನ್ನುತ್ತಿದ್ದಳು.

ಈ ವರ್ಷದ ಮೇ ತಿಂಗಳಿನ ಒಂದು ಬೆಳಗಿನ ಜಾವ ಬಿರುಗಾಳಿ ಬೀಸಿತು. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಜೋರು. ಬೆಳಕಾಗುವಷ್ಟರಲ್ಲಿ ತಾಲ್ಲೂಕಿನ ಅರ್ಧ ಭಾಗಕ್ಕೆ ಕರೆಂಟಿರಲಿಲ್ಲ. ತೆಂಗಿನ ಮರಗಳು ಲೈನಿನ ಮೇಲೆಯೇ ಉರುಳಿದ್ದವು. ನೂರ್ ಅಹಮದ್ ಏಳು ಗಂಟೆಗೇ ಹೊರಟು ಹುಳಿಯಾರಿನ ದಾರಿಯಲ್ಲೇ ಸಿಗುವ ಎರಡು ಟವರು ಮುಗಿಸಿದ್ದರು. ಮುಂದಿನದು ಹುಳಿಯಾರು ಪೇಟೆಯ ದೊಡ್ಡ ಟವರು. ಕಂಪನಿಯ ಪಟ್ಟಿಯಲ್ಲಿ ಅದೇ ಮೊದಲು, ಯಾಕೆಂದರೆ ಗಿರಾಕಿಗಳು ಹೆಚ್ಚು. ವ್ಯಾನು ಅತ್ತ ತಿರುಗಿಸುವಾಗ ಫೋನು ಬಂತು. ಕೆಂಕೆರೆಯ ಆರೋಗ್ಯ ಉಪಕೇಂದ್ರದ ಸಿಸ್ಟರ್ ಪವಿತ್ರಾ.

"ನೂರಣ್ಣ, ನಮ್ಮ ಗುಡ್ಡದ ಟವರ್ ಇನ್ನೆಷ್ಟೊತ್ತು ಇರ್ತದೆ? ಸಿಗ್ನಲ್ಲು ಬಂದು ಬಂದು ಹೋಗ್ತೈತೆ."

"ಯಾಕವ್ವಾ, ಏನಾಯ್ತು?"

ಪವಿತ್ರಾ ಗಡಿಬಿಡಿಯಲ್ಲೇ ಹೇಳಿದಳು. ಸಿಂಧು ಅಂತ, ಎಂಟು ತಿಂಗಳ ಬಸುರಿ. ಗಂಡನ ಊರು ಅರಳಗುಪ್ಪೆ, ನಾಲ್ಕು ದಿನದ ಹಿಂದೆ ಕೆಂಕೆರೆಯ ತವರಿಗೆ ಬಂದಿದ್ದಾಳೆ. ಬೆಳಗ್ಗೆಯಿಂದ ತಲೆ ಸಿಡಿಯುತ್ತಿದೆ, ಕಣ್ಣು ಮಂಜು, ಬಿ.ಪಿ. ವಿಪರೀತ ಏರಿದೆ. ತಪಾಸಣೆಯೆಲ್ಲ ಬರೆದಿಟ್ಟ ತಾಯಿ ಕಾರ್ಡು ಅರಳಗುಪ್ಪೆಯಲ್ಲೇ ಉಳಿದಿದೆ. ಆಂಬುಲೆನ್ಸ್ ಹೊರಟಿದೆ, ದಾರಿಯಲ್ಲಿ ಮರ ಬಿದ್ದು ಬಳಸಿ ಬರಬೇಕು, ಒಂದು ಗಂಟೆಯ ಮೇಲಾಗುತ್ತದೆ.

"ತುಮಕೂರಿನ ಡಾಕ್ಟ್ರು ವಿಡಿಯೋದಲ್ಲಿ ಸಿಗ್ತಾರೆ. ಅವಳ ಹಳೇ ರಿಪೋರ್ಟೆಲ್ಲ ಕಂಪ್ಯೂಟರಿಗೆ ಹತ್ತಿಸಿದ್ದಾರೆ, ಅಲ್ಲಿಂದ್ಲೇ ನೋಡ್ತಾರಂತೆ. ಆದ್ರೆ ಲೈನ್ ನಿಂತ್ರೆ ನಾನೊಬ್ಳೇ ಏನ್ ಮಾಡ್ಲಣ್ಣ?"

ನೂರ್ ಅಹಮದ್ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ ಜೀವಿತಾಳಿಗೆ ಫೋನು ಮಾಡಿದರು. ಅವಳು ಪರದೆ ನೋಡಿ ಹೇಳಿದಳು. ಕೆಂಕೆರೆ ಟವರಿನ ಬ್ಯಾಟರಿ ಶೇಕಡಾ ಇಪ್ಪತ್ತೆರಡು. ಹೆಚ್ಚೆಂದರೆ ಐವತ್ತು ನಿಮಿಷ.

"ಪಟ್ಟಿ ಪ್ರಕಾರ ನಾನೀಗ ಪೇಟೆಗೆ ಹೋಗ್ಬೇಕಮ್ಮ. ಪೇಟೆಯಲ್ಲಿ ಬೇರೆ ಟವರೂ ಅವೆ. ಕೆಂಕೆರೆಗೆ ಇರೋದು ಇದೊಂದೇ."

ಜೀವಿತಾ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿದಳು. "ಕೆಂಕೆರೆಗೇ ಹೋಗಿ ಸಾರ್. ಮೇಲಿನವ್ರಿಗೆ ನಾನು ಹೇಳ್ಕೋತೀನಿ," ಅಂದಳು. ಮತ್ತೆ ತಡೆದು, "ಇರಿ ಸಾರ್. ಅಲ್ಲಿ ಡೀಸೆಲ್ ಅರ್ಧ ಟ್ಯಾಂಕ್ ಇದೆ. ಇಲ್ಲಿಂದ್ಲೇ ಮೂರು ಸಲ ಸ್ಟಾರ್ಟ್ ಕೊಟ್ಟೆ, ತಗೊಳ್ತಿಲ್ಲ. ಜನರೇಟರ್ ಸ್ಟಾರ್ಟ್ ಮಾಡೋ ಬ್ಯಾಟರಿ ಹನ್ನೆರಡು ವೋಲ್ಟ್ ಇರಬೇಕಾದ್ದು ಒಂಬತ್ತಕ್ಕೆ ಇಳಿದಿದೆ," ಎಂದಳು.

ಈ ಮಾತು ಕೇಳದಿದ್ದರೆ ಅವರು ಡೀಸೆಲ್ ಕ್ಯಾನು ಹೊತ್ತು ಗುಡ್ಡ ಹತ್ತುತ್ತಿದ್ದರು. ಹತ್ತಿ, ಕೀಲಿ ತಿರುಗಿಸಿ, ಟಕ್ ಎಂಬ ಸದ್ದು ಕೇಳಿ, ಮತ್ತೆ ಇಳಿದು ಬರಬೇಕಾಗುತ್ತಿತ್ತು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಕೆಂಕೆರೆಯ ಗುಡ್ಡ ಇನ್ನೊಂದು ಮೈಲಿ ಇರುವಾಗ ಮಣ್ಣುದಾರಿಗೆ ಅಡ್ಡಲಾಗಿ ಎರಡು ತೆಂಗಿನ ಮರ ಬಿದ್ದಿದ್ದವು. ತೋಟದ ಯಜಮಾನ ಲಕ್ಕಯ್ಯ ಮಚ್ಚು ಹಿಡಿದು ಸೋಗೆ ಕಡಿಯುತ್ತಿದ್ದ. ಹಿಂದೆ ಅವನ ಪಂಪನ್ನು ಹತ್ತಾರು ಸಲ ರಿಪೇರಿ ಮಾಡಿದವರು ನೂರ್ ಅಹಮದ್. ಅವರು ಆತುರಾತುರವಾಗಿ ವ್ಯಾನಿನ ಸೀಟೆತ್ತಿ ಬ್ಯಾಟರಿ ಬಿಚ್ಚುವುದನ್ನು ಕಂಡು ಅವನು ಹತ್ತಿರ ಬಂದ.

"ಏನ್ ಸಾಬ್ರೇ, ವ್ಯಾನ್ ಕೆಟ್ಟೋಯ್ತಾ?"

"ವ್ಯಾನ್ ನೆಟ್ಟಗದೆ ಕಣಪ್ಪ. ಟವರಿನ ಜನರೇಟರಿಗೆ ಬೇಕು." ಎರಡೇ ಮಾತಿನಲ್ಲಿ ಸಿಂಧುವಿನ ವಿಷಯ ಹೇಳಿದರು.

"ಆಂಜನಪ್ಪನ ಮಗಳಾ? ಕೊಡಿ ಇಲ್ಲಿ. ನಿಮ್ಮ ಮಂಡಿ ನನಗೆ ಗೊತ್ತಿಲ್ವಾ?" ಲಕ್ಕಯ್ಯ ಮಚ್ಚು ಎಸೆದು, ಟವೆಲ್ಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಬ್ಯಾಟರಿ ಹೊತ್ತ.

ಇಬ್ಬರೂ ಮರ ದಾಟಿ ನಡೆದರು. ಕೊನೆಯ ಏರು ಬರಿಯ ಕಲ್ಲು. ಅಲ್ಲಿ ನೂರ್ ಅಹಮದ್ ಅವರ ಮಂಡಿ ಎರಡು ಸಲ ಕೈಕೊಟ್ಟಿತು. ಲಕ್ಕಯ್ಯ ತಿರುಗಿ ನೋಡಿದರೆ, "ನೀ ನಡಿ, ಬತ್ತೀನಿ" ಅನ್ನುತ್ತಿದ್ದರು. ಜೇಬಿನಲ್ಲಿ ಫೋನು ಸುಮ್ಮನಿತ್ತು. ಸುಮ್ಮನಿರುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ.

ಬೇಲಿಯ ಬೀಗ ತೆಗೆಯುವಾಗ ಜೀವಿತಾ ಫೋನು ಮಾಡಿದಳು. "ಏಳು ಪರ್ಸೆಂಟ್ ಸಾರ್."

ಜನರೇಟರಿನ ಹಳೆಯ ಬ್ಯಾಟರಿ ಬಿಚ್ಚಿ, ಓಮ್ನಿಯ ಬ್ಯಾಟರಿಗೆ ವೈರು ಬಿಗಿದರು. ಮೂವತ್ತು ವರ್ಷ ಮಾಡಿದ ಕೆಲಸ, ಆದರೂ ಆತುರಕ್ಕೆ ಒಂದು ನಟ್ಟು ಜಾರಿ ಹುಲ್ಲಿಗೆ ಬಿತ್ತು. ಲಕ್ಕಯ್ಯ ಮಂಡಿಯೂರಿ ಹುಡುಕಿ ಕೊಟ್ಟ. ಮೊದಲ ಸಲ ಕೀಲಿ ತಿರುಗಿಸಿದಾಗ ಎಂಜಿನ್ನು ಗೊಣಗಿ ನಿಂತಿತು. ಚಿಕ್ಕ ಬ್ಯಾಟರಿ, ದೊಡ್ಡ ಎಂಜಿನ್ನು. ಹತ್ತು ಎಣಿಸುವಷ್ಟು ಬಿಟ್ಟು ಮತ್ತೆ ತಿರುಗಿಸಿದರು. ಈ ಸಲ ಹಿಡಿದುಕೊಂಡಿತು. ಕಪ್ಪು ಹೊಗೆ ಉಗುಳಿ, ಗುಡ್ಡವೆಲ್ಲ ಕೇಳುವಂತೆ ಓಡತೊಡಗಿತು.

"ಬಂತು ಸಾರ್, ಬಂತು. ನಾಲ್ಕಕ್ಕಿಳಿದಿತ್ತು, ಈಗ ಏರ್ತಾ ಇದೆ." ಜೀವಿತಾ ಫೋನಿನಲ್ಲೇ ಕೂಗಿದಳು.

ಪವಿತ್ರಾ ಅರ್ಧ ಗಂಟೆ ಬಿಟ್ಟು ಮಾತಾಡಿದಳು. ನಡುವೆ ಎರಡು ಸಲ ಡಾಕ್ಟರ ಮುಖ ಪರದೆಯ ಮೇಲೆ ಅಲ್ಲಾಡದೆ ನಿಂತುಹೋಗಿತ್ತಂತೆ, ಆದರೆ ದನಿ ತಪ್ಪಲಿಲ್ಲ. ಸಿಂಧು ಅರಳಗುಪ್ಪೆಯಲ್ಲಿದ್ದಾಗ ತಿಪಟೂರಿನಲ್ಲಿ ಮಾಡಿಸಿದ್ದ ರಕ್ತಪರೀಕ್ಷೆಯನ್ನು ಡಾಕ್ಟರು ತುಮಕೂರಿನಲ್ಲೇ ತೆಗೆದು ನೋಡಿ, ಅವಳ ಮೂತ್ರಪಿಂಡ ತಾಳುವಷ್ಟೇ ಇಂಜೆಕ್ಷನ್ನಿನ ಅಳತೆ ಹೇಳಿದರು. ಪವಿತ್ರಾ ಕೊಟ್ಟಳು. ಇಂಥ ಬಿ.ಪಿ.ಯಲ್ಲಿ ಬರಬಹುದಾದ ಫಿಟ್ಸ್ ಬರಲಿಲ್ಲ. ಆಂಬುಲೆನ್ಸ್ ಬಂದು ಸಿಂಧುವನ್ನು ಕರೆದುಕೊಂಡು ಹೊರಟಿತು.

ನೂರ್ ಅಹಮದ್ ಗುಡ್ಡದ ಮೇಲೆಯೇ ಉಳಿದರು. ಬ್ಯಾಟರಿ ಇಲ್ಲಿ, ವ್ಯಾನು ಅಲ್ಲಿ, ಹೋಗುವುದಾದರೂ ಹೇಗೆ? ಲಕ್ಕಯ್ಯ ಕೆಳಗಿಳಿದು ಎರಡು ಎಳನೀರು, ಮನೆಯಿಂದ ಒಂದು ಮುದ್ದೆ, ಸಾರು ತಂದ. ಮಧ್ಯಾಹ್ನ ಕಂಪನಿಯ ದೊಡ್ಡ ಎಂಜಿನಿಯರು ಫೋನು ಮಾಡಿದರು. ನೂರ್ ಅಹಮದ್ ಬೈಗುಳಕ್ಕೆ ಸಿದ್ಧರಾಗಿಯೇ ಎತ್ತಿದರು. ಎಂಜಿನಿಯರು ಕೇಳಿದ್ದೇ ಬೇರೆ: ಹನ್ನೊಂದು ಟವರುಗಳಲ್ಲಿ ಯಾವ ಯಾವ ಊರಿಗೆ ಬೇರೆ ಟವರಿಲ್ಲ, ಎಲ್ಲೆಲ್ಲಿ ಆಸ್ಪತ್ರೆ ಇದೆ, ಬರೆದು ಕೊಡುತ್ತೀರಾ? ಪಟ್ಟಿ ಬದಲಾಯಿಸಬೇಕು. "ಅದು ಕಂಪ್ಯೂಟರಿಗೆ ಗೊತ್ತಿಲ್ಲ, ನಿಮಗೆ ಗೊತ್ತು," ಅಂದರು. ನೂರ್ ಅಹಮದ್ ಹೂಂ ಎಂದರು. ಮನಸ್ಸಿನ ಮೇಲಿದ್ದ ದೊಡ್ಡದೊಂದು ಕಲ್ಲು ಸರಿದಂತಾಯಿತು.

ನಾಲ್ಕೂವರೆಗೆ ಪವಿತ್ರಾಳ ಫೋನು ಮತ್ತೆ ಬಂತು. ತಿಪಟೂರಿನಲ್ಲಿ ಆಪರೇಷನ್ ಆಯಿತು. ಹೆಣ್ಣು ಮಗು. ತೂಕ ಸ್ವಲ್ಪ ಕಡಿಮೆ, ಬೆಚ್ಚಗೆ ಇಟ್ಟಿದ್ದಾರೆ, ಚೆನ್ನಾಗಿ ಅಳುತ್ತಿದೆ. ಸಿಂಧು ಕಣ್ಣು ಬಿಟ್ಟು ಅಮ್ಮನ ಗುರುತು ಹಿಡಿದಳು.

"ಇಬ್ರೂ ಉಳ್ಕೊಂಡ್ರು ಕಣ್ಲಾ ಲಕ್ಕಯ್ಯ," ಎಂದು ಹೇಳುವಾಗ ಅವರ ಕಣ್ಣು ತುಂಬಿ ಬಂದಿತ್ತು.

ಲಕ್ಕಯ್ಯ ನೋಡಿಯೂ ನೋಡದವನಂತೆ ಬೀಡಿ ಹಚ್ಚಿದ. "ಬುಡಿ ಸಾಬ್ರೇ, ಇನ್ನೇನು. ಕಾಲು ಚಾಚಿ ಕೂತ್ಕಳಿ," ಅಂದ.

ಅವರು ಬೇಲಿಗೆ ಒರಗಿ ಕಾಲು ಚಾಚಿದರು. ಪಕ್ಕದಲ್ಲಿ ಎಂಜಿನ್ನು ಒಂದೇ ಸಮನೆ ಓಡುತ್ತಿತ್ತು, ಸದ್ದಿನಲ್ಲಿ ಯಾವ ತೊಡಕೂ ಇರಲಿಲ್ಲ.