ಮರಳಿನ ಎರಡನೇ ಬಕೆಟ್

ನಾನು ನಿಂತಿದ್ದು ಶೆಡ್ಡಿನ ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ, ಎಡಗಡೆಯ ಗೋಡೆ ಪಕ್ಕ. ಕಳೆದ ವರ್ಷದ ಕಾರ್ತಿಕ ಮಾಸ, ಎರಡನೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಎದುರಿಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಜಿನ್. ಅದಕ್ಕೂ ನನಗೂ ನಡುವೆ ಎಂಟು ಅಡಿ. (ಆಮೇಲೆ ಟೇಪ್ ಹಿಡಿದು ಅಳೆದಿದ್ದೇನೆ.)

ಇಷ್ಟು ಕರಾರುವಾಕ್ಕಾಗಿ ಯಾಕೆ ಹೇಳುತ್ತಿದ್ದೇನೆ? ಈವರೆಗೆ ಯಾರೂ ನನ್ನನ್ನು ಇದರ ಬಗ್ಗೆ ಕೇಳಿಲ್ಲ. ಕೇಳದೇ ಇರಲಿ ಎಂದು ನಾನೂ ಸುಮ್ಮನಿದ್ದೆ. ಕಳೆದ ಮಂಗಳವಾರದವರೆಗೂ.

ಮಂಗಳವಾರ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ಸಪ್ತಾಹ. ನಾನು ಮುಖ್ಯ ಅತಿಥಿ. ಪೇಪರಿನಲ್ಲಿ ಬರೆಯುವವನಿಗೆ ಎಲ್ಲ ವಿಷಯವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಜನಕ್ಕೆ ಇನ್ನೂ ಇದೆ. ನನಗಿಂತ ಮೊದಲು ಮಾತಾಡಿದ ಅಧಿಕಾರಿ ಪರದೆಯ ಮೇಲೆ ಒಂದು ಫೋಟೋ ಹಾಕಿದರು. ಸುಟ್ಟ ಶೆಡ್ಡು, ಕಪ್ಪಾದ ಶೀಟು, ಬಾಗಿದ ಸ್ಟ್ಯಾಂಡು.

"ಇದು ತ್ಯಾಮಗೊಂಡ್ಲು ಹತ್ರ ಆಗಿದ್ದು. ರಿಟೈರ್ಡ್ ಟರ್ನರ್ ಒಬ್ಬರು ಮನೇಲೇ ಹಳೇ ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚಿ ಜೋಡಿಸ್ತಿದ್ರು. ಪೆಟ್ರೋಲ್ ಲೀಕ್ ಆಗ್ತಿದ್ರೂ ಚೆಕ್ ಮಾಡಿಲ್ಲ. ನೆಗ್ಲಿಜೆನ್ಸ್ ಅಂದ್ರೆ ಇದು. ನೀವ್ಯಾರೂ ಇವರ ತರ ಆಗ್ಬೇಡಿ."

ಇನ್ನೂರು ಜನ ಕಾರ್ಮಿಕರು ತಲೆಯಾಡಿಸಿದರು. ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದ ನಾನೂ ತಲೆಯಾಡಿಸಿದೆ.

ಆ ರಿಟೈರ್ಡ್ ಟರ್ನರ್ ನನ್ನ ಭಾವ, ಮಹದೇವಯ್ಯ. ನನ್ನ ಅಕ್ಕನ ಗಂಡ.

ಭಾವನ ಬಗ್ಗೆ ಹೇಳಬೇಕು. ದೇವನಹಳ್ಳಿ ಕಡೆ ಒಂದು ತೋಟ ಲೇಔಟ್ ಆಗುವಾಗ, ಅಲ್ಲಿನ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರೊಂದು ಗುಜರಿಗೆ ಹೊರಟಿತ್ತು. ಹಿಂದುಗಡೆ ಎಂಜಿನ್ ಇರುವ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು. ರೇಡಿಯೇಟರ್ ಇಲ್ಲ, ನೀರಿಲ್ಲ. ಗಾಳಿ ಬೀಸಿಯೇ ತಣ್ಣಗಾಗುವ ಎಂಜಿನ್. ಭಾವ ಅದನ್ನು ತಂದು ಮನೆ ಹಿಂದೆ ನಿಲ್ಲಿಸಿದಾಗ ಊರೆಲ್ಲ ನಕ್ಕಿತು. "ನೀರಿಲ್ದೆ ಓಡ್ತದಂತೆ. ನಮ್ಮೂರಿಗೆ ಸರಿಯಾಗೇ ಅದೆ ಬಿಡು ಗುರು," ಎಂದರು.

ಮೂರು ವರ್ಷ ಅವರು ಆ ಎಂಜಿನ್ನಿನ ಜೊತೆ ಬದುಕಿದರು. ಹೇಗೆ? ಬಿಚ್ಚಿದ ಪ್ರತಿ ಬೋಲ್ಟಿಗೂ ಚೀಟಿ. ವಾಲ್ವಿನ ಸ್ಪ್ರಿಂಗುಗಳು ಬೆರೆತು ಹೋಗಬಾರದೆಂದು ಅಕ್ಕನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟರು. (ಅಕ್ಕ ಆರು ತಿಂಗಳು ಇಡ್ಲಿ ಮಾಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ.) ಬಿಸಿಲೇರಿದರೆ ಲೋಹ ಹಿಗ್ಗುತ್ತದೆಂದು ಪಿಸ್ಟನ್ ಅಳತೆಯನ್ನು ಬೆಳಿಗ್ಗೆ ಆರಕ್ಕೇ ತೆಗೆಯುತ್ತಿದ್ದರು. ಎರಡು ಸಲ ಅಳೆದು, ಬರೆದು, ಮಾರನೇ ದಿನ ಮತ್ತೆ ಅಳೆಯುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ಪೂರ್ತಿ ಬಿಚ್ಚುತ್ತಿದ್ದರು. ಈ ಮನುಷ್ಯ ಪೆಟ್ರೋಲ್ ಲೀಕ್ ನೋಡಲಿಲ್ಲವಂತೆ.

ಒಂದು ಸಂಜೆ ನನ್ನನ್ನು ಕರೆದರು. "ಲೋ ಸೀನ, ಬಾ ಇಲ್ಲಿ. ಈ ಎಂಜಿನ್ನಿನ ಹೊರಮೈ ಯಾವ ಲೋಹ ಗೊತ್ತಾ? ಮೆಗ್ನೀಷಿಯಂ." ಹೆಂಚಿನ ಚೂರಿನ ಮೇಲೆ ಚಿಟಿಕೆ ಪುಡಿ ಹಾಕಿ ಹೊತ್ತಿಸಿದರು. ಕಣ್ಣು ಕುಕ್ಕುವ ಬಿಳಿ ಬೆಳಕು. ಅದರ ಮೇಲೆ ದೂರದಿಂದ ಒಂದು ತೊಟ್ಟು ನೀರು ಚಿಮುಕಿಸಿದರು. ಪಟಾಕಿಯಂತೆ ಸಿಡಿಯಿತು. "ಇದಕ್ಕೆ ಹತ್ಕೊಂಡ್ರೆ ನೀರು ಹಾಕ್ಲೇಬಾರ್ದು ಕಣೋ. ಒಣ ಮರಳು, ಅಷ್ಟೇ." ಅದಕ್ಕೆಂದೇ ಎರಡು ಬಕೆಟ್‌ಗಳಿಗೆ ಕೆಂಪು ಬಣ್ಣ ಬಳಿದು, ಮರಳು ಹುರಿದು ತುಂಬಿಸಿಟ್ಟಿದ್ದರು. ಹುರಿದು. ಒದ್ದೆ ಇರಬಾರದೆಂದು.

ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ನೀರು ಕಂಡರೆ ಸಿಟ್ಟಾಗುವ ಲೋಹದ ಬಗ್ಗೆ ಇದೇ ಅಂಕಣದಲ್ಲಿ ತಮಾಷೆಯಾಗಿ ಬರೆದಿದ್ದೆ. ಅಂದರೆ ನನಗೆ ಗೊತ್ತಿತ್ತು. ನಿಮಗೂ ಗೊತ್ತಿರಲಿ ಎಂದು ಪಾಠ ಹೇಳುವಷ್ಟು ಗೊತ್ತಿತ್ತು.

ಆ ಭಾನುವಾರ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗಬೇಕಿತ್ತು. ಶೆಡ್ಡಿನಲ್ಲಿ ನಾಲ್ಕೇ ಜನ. ಭಾವ, ನಾನು, ಬ್ಯಾಟರಿಗೆ ವೈರ್ ಎಳೆದುಕೊಟ್ಟ ಪಕ್ಕದ ಮನೆ ಎಲೆಕ್ಟ್ರಿಷಿಯನ್ ನಾಗರಾಜ, ಮತ್ತು ಭಾವನ ಚಿಕ್ಕಪ್ಪ ಗಂಗಣ್ಣ. ಅಕ್ಕ ಒಳಗೆ ಒಬ್ಬಟ್ಟು ತಟ್ಟುತ್ತಿದ್ದಳು. ಪೂಜೆಯನ್ನು ಭಾವ ಹಿಂದಿನ ದಿನವೇ ಮುಗಿಸಿದ್ದರು, ಪೆಟ್ರೋಲ್ ಹಾಕುವ ಮೊದಲು. ಬೆಂಕಿ ಕಡ್ಡಿಯೂ ಒಳಗೆ ಬರಕೂಡದು ಎಂದು ಹೇಳಿದ್ದರು.

ಒಂಬತ್ತು ಮುಕ್ಕಾಲಿಗೆ ಎಂಜಿನ್ ಎದ್ದಿತು. ಇಪ್ಪತ್ತು ನಿಮಿಷ ಓಡಿತು. ಆ ಶಬ್ದವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಭಾವನ ಮುಖ ನೋಡಿದ್ದೆ, ಸಾಕು. ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಡಬ್ಬದ ನಲ್ಲಿ ಮುಚ್ಚಿ, ಕೈ ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮನೆಯೊಳಗೆ ಹೋಗಿದ್ದ ಗಂಗಣ್ಣ ಮಂಗಳಾರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದರು.

"ಚಿಕ್ಕಪ್ಪ, ಬೇಡ. ನಿನ್ನೆ ಮಾಡಿದ್ವಲ್ಲ," ಎಂದರು ಭಾವ.

"ನಿನ್ನೆ ಸತ್ತಿತ್ತು, ಇವತ್ತು ಜೀವ ಬಂದದೆ. ಬೆಳಗ್ದೆ ಬಿಟ್ರೆ ದೃಷ್ಟಿ ಆಯ್ತದೆ ಕಣಪ್ಪ."

"ಬಾಗ್ಲಲ್ಲೇ ನಿಂತ್ಕೊಂಡು ಬೆಳಗಿ ಚಿಕ್ಕಪ್ಪ. ಹತ್ರ ಬರ್ಬೇಡಿ."

"ದೇವ್ರಿಗೂ ದೂರದಿಂದ್ಲೇ ಬೆಳಗ್ತೀಯೇನ್ಲಾ ನೀನು?"

ಭಾವ ನನ್ನ ಕಡೆ ನೋಡಿದರು. ನಾನು ಗಂಗಣ್ಣನ ತೋಳು ಹಿಡಿಯಬಹುದಿತ್ತು. ನಾಗರಾಜನೂ ಹಿಡಿಯಬಹುದಿತ್ತು. ಎಂಬತ್ತರ ಹಿರಿಯರು, ಕೈಯಲ್ಲಿ ಆರತಿ. ತಡೆಯುವುದು ಹೇಗೆ? ನಾವಿಬ್ಬರೂ ಚಪ್ಪಲಿ ಬಿಟ್ಟು ಕೈಮುಗಿದು ನಿಂತೆವು.

ಗಂಗಣ್ಣ ಬಗ್ಗಿ ಎಂಜಿನ್ನಿನ ಸುತ್ತ ತಟ್ಟೆ ಆಡಿಸಿದರು. ಉರಿಯುವ ಕರ್ಪೂರದ ಬಿಲ್ಲೆ ಜಾರಿ ಕಾರ್ಬುರೇಟರಿನ ಮೇಲೆ ಬಿತ್ತು. ನಿಂತ ಎಂಜಿನ್ನಿನಲ್ಲೂ ಪೆಟ್ರೋಲ್ ಉಳಿದಿರುತ್ತದೆ, ಬಿಸಿಗೆ ಆವಿ ಏಳುತ್ತದೆ. ಅದು ಲೀಕ್ ಅಲ್ಲ. ಅದು ಎಂಜಿನ್ನಿನ ಸ್ವಭಾವ.

ಹೊತ್ತಿಕೊಂಡಿತು. ಭಾವ ಮೊದಲು ಗಂಗಣ್ಣನನ್ನು ಹೊರಗೆ ತಳ್ಳಿದರು. ಆಮೇಲೆ ಪೆಟ್ರೋಲ್ ಡಬ್ಬ ಕಿತ್ತು ಅಂಗಳಕ್ಕೆ ಒಯ್ದಿಟ್ಟು ಬಂದರು. ಆಮೇಲೆ ಮೊದಲ ಬಕೆಟ್ ಮರಳು ಸುರಿದರು. ಉರಿ ಅರ್ಧ ಇಳಿಯಿತು. ಆದರೆ ಅಷ್ಟರಲ್ಲಿ ಆಯಿಲ್ ಪೈಪು ಸುಟ್ಟು, ಆಯಿಲ್ ಸುರಿದು ಮತ್ತೆ ಎದ್ದಿತು. ಎಂಜಿನ್ನಿನ ಮೂಲೆಯೊಂದು ಬೆಳ್ಳಗೆ ಉರಿಯತೊಡಗಿತು.

ಎರಡನೇ ಬಕೆಟ್ ಇದ್ದದ್ದು ನನ್ನ ಎಡಗಾಲಿನಿಂದ ಒಂದು ಮೊಳ ದೂರದಲ್ಲಿ. ನಾನು ಅದನ್ನು ದಾಟಿಕೊಂಡು ಹೊರಗೆ ಓಡಿದೆ. ಅಂಗಳದ ನೀರಿನ ನಲ್ಲಿಯಿಂದ ಬಿಂದಿಗೆ ತುಂಬಿಸಿದೆ. ಅದನ್ನು ದಾಟಿಕೊಂಡೇ ಒಳಗೆ ಬಂದೆ.

"ಸೀನ, ಮರಳು. ನೀರು ಬೇಡ. ನೀರು ಬೇಡ ಕಣೋ."

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿದ ಮೇಲೂ ಕೈ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಬೆಂಕಿಗೆ ನೀರು ಹಾಕಿಯೇ ಗೊತ್ತಿರುವ ಕೈ.

ಬಿಂದಿಗೆ ಸುರಿದೆ. ಬೆಳ್ಳಗೆ ಸಿಡಿಯಿತು. ನನಗೂ ಎಂಜಿನ್ನಿಗೂ ನಡುವೆ ಭಾವ ನಿಂತಿದ್ದರು. ನನಗೆ ಹುಬ್ಬಿನ ಕೂದಲು ಹೋಯಿತು, ಅಷ್ಟೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಭಾವ ಒಂಬತ್ತು ದಿನ ಬದುಕಿದ್ದರು. ಮೂರನೇ ದಿನ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದರು. ನಾನು ಮಂಚದ ಪಕ್ಕ ನಿಂತಿದ್ದೆ. ಭಾವ ನನ್ನನ್ನೇ ನೋಡುತ್ತಾ ಹೇಳಿದರು: "ಒಂದ್ ಜಾಯಿಂಟ್ ಸಡಿಲ ಇತ್ತು. ಪೆಟ್ರೋಲ್ ಸೋರ್ತಿತ್ತು. ನಾನೇ ನೋಡ್ಕೊಂಡಿಲ್ಲ. ಇನ್ಯಾರ್ದೂ ತಪ್ಪಿಲ್ಲ."

ಬದುಕಿನಲ್ಲಿ ಒಂದು ಜಾಯಿಂಟನ್ನೂ ಸಡಿಲ ಬಿಡದ ಮನುಷ್ಯ ಅಂಥ ಸುಳ್ಳು ಹೇಳಿದರು. ಕೆಳಗೆ ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಪೆನ್ನು ನನ್ನದೇ.

ಸತ್ತವರ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ಎಷ್ಟು ಸಲೀಸು, ಗಮನಿಸಿದ್ದೀರಾ? ಬೈಕಿನವನು ಸತ್ತರೆ ಅವನೇ ಸ್ಪೀಡಾಗಿ ಬಂದ. ಕಂಬದ ಮೇಲೆ ಲೈನ್‌ಮನ್ ಸತ್ತರೆ ಅವನೇ ಕರೆಂಟ್ ನಿಂತಿದೆಯಾ ಎಂದು ಫೋನ್ ಮಾಡಿ ಕೇಳಲಿಲ್ಲ. ಫೈಲು ಮುಚ್ಚುತ್ತದೆ, ಉಳಿದವರು ಊಟಕ್ಕೆ ಹೋಗುತ್ತೇವೆ. ತಕರಾರು ಅರ್ಜಿ ಬರೆಯಲು ಸತ್ತವರು ಬರುವುದಿಲ್ಲವಲ್ಲ.

ಆದರೆ ಮನೆಯಲ್ಲಿ ಫೈಲು ಮುಚ್ಚಲಿಲ್ಲ. ಅಕ್ಕ ಆ ಸುಳ್ಳನ್ನು ನಂಬಿದಳು. ಗಂಡ ಸತ್ತ ದುಃಖಕ್ಕಿಂತ ಸಿಟ್ಟೇ ಹೆಚ್ಚು ಅವಳಿಗೆ. "ಮೂರು ವರ್ಷ ನನ್ ಜೊತೆ ನೆಟ್ಟಗೆ ಮಾತಾಡ್ದೆ ಅದ್ರ ಹಿಂದೆ ಬಿದ್ರು. ಒಂದ್ ಜಾಯಿಂಟ್ ಬಿಗಿ ಮಾಡಕ್ಕಾಗ್ಲಿಲ್ಲ," ಎನ್ನುತ್ತಾಳೆ. ಭಾವನ ಫೋಟೋದ ಮುಂದೆ ದೀಪ ಹಚ್ಚುವುದಿಲ್ಲ. ಒಂದು ವರ್ಷದಿಂದ ಅದನ್ನು ನೋಡುತ್ತಾ ಅವಳ ಮನೆಯಲ್ಲಿ ಕಾಫಿ ಕುಡಿದು ಬರುತ್ತಿದ್ದೇನೆ.

ಮಂಗಳವಾರದ ಶಾಲು ಬ್ಯಾಗಿನಲ್ಲೇ ಇತ್ತು. ಗುರುವಾರ ಅಕ್ಕನ ಮನೆಗೆ ಹೋದೆ. ಅವಳು ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಮೇಲೆ ಬರೆದದ್ದನ್ನೆಲ್ಲ ಹೇಳಿದೆ, ಇದೇ ಕ್ರಮದಲ್ಲಿ. ಅವಳ ಕೈ ನಿಂತಿತು.

"ನೀರು ಬೇಡ ಅಂತ ಅವ್ರು ಹೇಳಿದ್ರಾ?"

"ಹೇಳಿದ್ರು."

"ನಿಂಗೆ ಕೇಳಿಸ್ತಾ?"

"ಕೇಳಿಸ್ತು ಅಕ್ಕ."

ಕಾಯಿ ಪಕ್ಕಕ್ಕೆ ಸರಿಸಿ ಎದ್ದಳು. ಆಮೇಲೆ ಒಳಗೆ ಹೋದಳು. ದೀಪ ಹಚ್ಚಲು ಹೋದಳೇನೋ ಎಂದುಕೊಂಡೆ. ಇಲ್ಲ. ಬಿಡಿಸಿದ ಕಾಳಿಗೆ ಪಾತ್ರೆ ತಂದಳು.

"ನನ್ ಕೈಲಿ ಒಂದ್ ವರ್ಷ ಅವ್ರನ್ನ ಬೈಸ್ದೆ ನೀನು," ಎಂದಳು. ಧ್ವನಿ ಏರಲಿಲ್ಲ. "ಪೇಪರಲ್ಲಿ ಬರಿ. ಊರೋರು ಓದ್ಲಿ. ಅಲ್ಲೀಗಂಟ ಈ ಮನೆ ಮೆಟ್ಲು ಹತ್ಬೇಡ."

ಎದ್ದೆ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೇಳಿದಳು. "ಇನ್ಯಾರು ನೋಡಿದ್ರು?"

ಅಲ್ಲೇ ನಿಂತು ಹೇಳಿದೆ. ನಿಮಗೂ ಹೇಳುತ್ತೇನೆ. ಗಂಗಣ್ಣ ಬಾಗಿಲಾಚೆಯಿಂದ ನೋಡಿದರು, ಬದುಕಿದ್ದಾರೆ, ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕುತ್ತಾರೆ. ನಾಗರಾಜ ನೋಡಿದ; ಬದುಕಿದ್ದಾನೆ, ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಹಾಕಿದ್ದಾನೆ. ಇಬ್ಬರಿಗೂ ಕಣ್ಣು ಚೆನ್ನಾಗಿದೆ, ಮಾತೂ ಬರುತ್ತದೆ.